ಮಲಾರ ಮುಚ್ಚಿಟ್ಟ ಬಳೆಗಾರ

ಕಳೆದ ಆಷಾಢದಲ್ಲಿ ನನಗೊಂದು ಸಂದೇಶ ಬಂದಿತು. ಬಂದದ್ದು ಅಂಚೆಯಲ್ಲಲ್ಲ, ಉದ್ಯೋಗಸ್ಥರೂ ವ್ಯಾಪಾರಸ್ಥರೂ ಪರಸ್ಪರ ಪರಿಚಯ ಬೆಳೆಸಿಕೊಳ್ಳುವ ಲಿಂಕ್ಡ್‌ಇನ್ ಎಂಬ ತಾಣದಲ್ಲಿ. ನಿವೃತ್ತ ಮೇಷ್ಟರಿಗೆ ಅಲ್ಲೇನು ಕೆಲಸವೆಂದು ನೀವು ಕೇಳಬಹುದು. ಹುಣಸೂರು ಸೀಮೆಯ ಒಂದು ಪುಟ್ಟ ಶಾಲೆಯ ಆಡಳಿತ ಮಂಡಳಿಗೆ ನಾನು ಗೌರವ ಕಾರ್ಯದರ್ಶಿ. ದೂರದೂರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳನ್ನು ಹುಡುಕಲು ಅನುಕೂಲವಾದೀತೆಂದು ಮಗಳು ಅಲ್ಲೊಂದು ಖಾತೆ ತೆರೆದುಕೊಟ್ಟಿದ್ದಳು. ಒಂದೆರಡು ಸಣ್ಣ ಬರಹಗಳನ್ನೂ ಹಾಕಿದ್ದೆ. ಅವುಗಳಲ್ಲೊಂದು, ನಮ್ಮ ಮನೆಯವರು ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಶಾಲೆಯ ವಾಚನಾಲಯಕ್ಕೆ ಒಪ್ಪಿಸಿದ ದಿನವನ್ನು ಕುರಿತದ್ದು.

ಸಂದೇಶ ಇಂಗ್ಲಿಷಿನಲ್ಲಿತ್ತು. ಅದರ ಸಾರಾಂಶ ಹೀಗೆ: “ತಮ್ಮ ಧರ್ಮಪತ್ನಿಯವರ ನೆನಪಿಗಾಗಿ ತಾವು ಪುಸ್ತಕಗಳನ್ನಿತ್ತ ಪ್ರಸಂಗವನ್ನು ಓದಿ ನಾನು ಬಹಳ ಭಾವುಕನಾದೆ. ಗ್ರಾಮೀಣ ಶಿಕ್ಷಣಕ್ಕೆ ತಾವು ಸಲ್ಲಿಸಿದ ಮೂವತ್ತಮೂರು ವರ್ಷಗಳ ಸೇವೆ ನಮ್ಮಂಥವರಿಗೆ ಸ್ಫೂರ್ತಿ.” ಇಷ್ಟನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡೆ, ಸುಳ್ಳು ಹೇಳಲಾರೆ. ಮತ್ತೆ ಹಾಕಿಕೊಂಡು ಮೂರನೆಯ ವಾಕ್ಯಕ್ಕೆ ಬಂದೆ. “ಇಂಥ ದೂರದೃಷ್ಟಿಯುಳ್ಳ ತಮ್ಮ ಸಂಸ್ಥೆಗೆ ಶುಲ್ಕ ವಸೂಲಿ ಮತ್ತು ಹಾಜರಾತಿಯ ನಮ್ಮ ತಂತ್ರಾಂಶವು ಅತ್ಯಂತ ಸೂಕ್ತವಾದುದು. ತಮ್ಮ ಹದಿನೈದು ನಿಮಿಷಗಳ ಸಮಯ ದೊರೆಯಬಹುದೇ?”

ಆದರೂ ಪತ್ರಕ್ಕೆ ಉತ್ತರಿಸದಿರುವುದು ನಮ್ಮ ಕಾಲದವರಿಗೆ ಬಾರದ ವಿದ್ಯೆ. ಕುಳಿತು ಒಂದು ಪುಟದಷ್ಟು ಬರೆದೆ. ಅವರು ಓದುತ್ತಿದ್ದ ಪುಸ್ತಕಗಳು ಯಾವುವು, ಅಂಚಿನಲ್ಲಿ ಪೆನ್ಸಿಲಿನಿಂದ ಹೇಗೆ ಗುರುತು ಹಾಕುತ್ತಿದ್ದರು ಎಂಬುದನ್ನೆಲ್ಲ ತಿಳಿಸಿ, ನಿಮ್ಮ ಊರು ಯಾವುದಪ್ಪಾ ಎಂದೂ ಕೇಳಿದೆ. ಎರಡು ದಿನಗಳ ಮೇಲೆ ಒಂದು ಸಾಲಿನ ಉತ್ತರ ಬಂದಿತು: “ಧನ್ಯವಾದಗಳು! ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಅನುಕೂಲವಾಗುವುದೇ?”

ನನಗಾದದ್ದು ಕೋಪವಲ್ಲ, ನಾಚಿಕೆ. ರೈಲು ನಿಲ್ದಾಣದ ಧ್ವನಿವರ್ಧಕಕ್ಕೆ ಕೈಮುಗಿದು ಮಾತನಾಡಿಸಿದವನಿಗೆ ಆಗುವಂಥ ನಾಚಿಕೆ.

ಇದನ್ನು ಅಲ್ಲಿಗೇ ಮರೆಯುತ್ತಿದ್ದೆನೇನೋ. ಆದರೆ ಗೌರಿಹಬ್ಬದ ಆಸುಪಾಸಿನಲ್ಲಿ ನನ್ನ ಶಿಷ್ಯನೊಬ್ಬ ಮನೆಗೆ ಬಂದ. ಕಟ್ಟೆಮಳಲವಾಡಿಯವನೇ, ತಂದೆ ಹೊಗೆಸೊಪ್ಪಿನ ಬೇಸಾಯಗಾರರು. ಮೈಸೂರಿನ ಒಂದು ಸಂಸ್ಥೆಯಲ್ಲಿ ಮಾರಾಟದ ಕೆಲಸ. ಸಣ್ಣ ಕಾರ್ಖಾನೆಗಳಿಗೂ ಅಕ್ಕಿ ಗಿರಣಿಗಳಿಗೂ ದಾಸ್ತಾನಿನ ಲೆಕ್ಕವಿಡುವ ತಂತ್ರಾಂಶವನ್ನು ಮಾರುತ್ತಾರಂತೆ. ಹಣ್ಣಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಬಂದ ಕೆಲಸ ಹೇಳಿದ. “ಸಾರ್, ಗಿರಾಕಿಗಳಿಗೆ ಕಳಿಸೋ ಮೆಸೇಜ್‌ಗಳನ್ನ ಕನ್ನಡದಲ್ಲಿ ಒಂದು ಹತ್ತು ಮಾದರಿ ಬರೆದುಕೊಡ್ಬೇಕು. ಇಂಗ್ಲಿಷಲ್ಲಿ ಕಳಿಸಿದ್ರೆ ಯಾರೂ ನೋಡಲ್ಲ. ಕನ್ನಡದಲ್ಲಿ ಬಂದ್ರೆ ನಮ್ಮೋರೇ ಅಂದ್ಕೊಂಡು ಓದ್ತಾರೆ.”

ಕೆಲಸದ ಕ್ರಮವನ್ನು ಕೇಳಿದೆ; ಮುಚ್ಚುಮರೆಯಿಲ್ಲದೆ ವಿವರಿಸಿದ. ಮೊದಲು ಒಂದು ಪಟ್ಟಿ. ಹೆಸರು, ಸಂಸ್ಥೆ, ಹುದ್ದೆ, ಊರು—ಒಂದೊಂದಕ್ಕೆ ಒಂದೊಂದು ಕಂಬಸಾಲು. ಕೊನೆಯ ಕಂಬಸಾಲು ‘ಆರಂಭದ ವಾಕ್ಯ’ದ್ದು. ಆ ಮನುಷ್ಯ ತನ್ನ ಪುಟದಲ್ಲಿ ಬರೆದುಕೊಂಡದ್ದನ್ನು ಯಂತ್ರವೇ ಓದಿ, ಮಗನಿಗೆ ಪದವಿ ಬಂದಿದ್ದರೆ ಅಭಿನಂದನೆಯನ್ನೂ ಮನೆಯಲ್ಲಿ ಸಾವಾಗಿದ್ದರೆ ಸಂತಾಪವನ್ನೂ ಆ ಸಾಲಿಗೆ ತುಂಬುತ್ತದೆ. ಕೆಳಗಿನ ಮಾಲು ಎಲ್ಲರಿಗೂ ಒಂದೇ. ಮೊದಲ ಪರಿಚಯದ ಕೋರಿಕೆಯೊಡನೆ ಕಳಿಸುವ ಟಿಪ್ಪಣಿಗೆ ಅಕ್ಷರಗಳ ಮಿತಿಯುಂಟಂತೆ. ಉತ್ತರ ಬಾರದಿದ್ದರೆ ಮೂರನೆಯ ದಿನ ಒಂದು ಜ್ಞಾಪನ, ಏಳನೆಯ ದಿನ ಇನ್ನೊಂದು. ಕಟ್ಟಕಡೆಗೆ “ಇದೇ ನನ್ನ ಕೊನೆಯ ಪತ್ರ, ಇನ್ನು ತೊಂದರೆ ಕೊಡುವುದಿಲ್ಲ” ಎಂಬ ವಿದಾಯಪತ್ರ. ಮದುವೆಯೇ ಆಗದವನು ಮನೆ ಬಿಟ್ಟು ಹೋಗುತ್ತೇನೆಂದು ಹೆದರಿಸಿದ ಹಾಗೆ! ಆ ವಿದಾಯಪತ್ರಕ್ಕೇ ಹೆಚ್ಚು ಜನ ಉತ್ತರಿಸುತ್ತಾರೆಂದು ಅವನು ಹೇಳಿದಾಗ ನನಗೆ ನಗು ಬರಲಿಲ್ಲ. ಪಾಪದವರ ದಾಕ್ಷಿಣ್ಯವೂ ಒಂದು ಲೆಕ್ಕದ ಬಾಬ್ತಾಯಿತಲ್ಲ ಎನಿಸಿತು.

“ಆಗುವುದಿಲ್ಲ” ಎಂದೆ. “ಸತ್ತವರ ಹೆಸರು ಹೇಳಿ ಸಾಮಾನು ಮಾರುವುದಕ್ಕೆ ನಾನು ಕನ್ನಡ ಕಲಿಸಲಿಲ್ಲ.”

ಅವನು ತಲೆ ತಗ್ಗಿಸಿಯೇ ಇದ್ದ. ಆದರೆ ಆಡಿದ ಮಾತು ನೇರವಾಗಿತ್ತು. “ಸಾರ್, ಬೇಜಾರು ಮಾಡ್ಕೋಬೇಡಿ. ಪತ್ರಲೇಖನ ಹೇಳ್ಕೊಟ್ಟೋರು ನೀವೇ. ರಜಾ ಅರ್ಜಿಗೆ ಜ್ವರ ಅಂತ ಬರೆಸ್ತಿದ್ರಿ. ಯಾರಿಗೂ ಜ್ವರ ಇರ್ತಿರ್ಲಿಲ್ಲ. ಇಲ್ಲದ ಅಣ್ಣನ ಮದುವೆಗೆ ಇಲ್ಲದ ಗೆಳೆಯನ್ನ ಕರೆದು ಪತ್ರ ಬರೆದು ಐದಕ್ಕೆ ಐದು ತಗೊಂಡೋನು ನಾನು. ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬೋದನ್ನ ಇಲ್ಲೇ ಅಲ್ವಾ ಸಾರ್ ಕಲ್ತಿದ್ದು?”

ಮೂವತ್ತಮೂರು ವರ್ಷಗಳ ಅಧ್ಯಾಪನಕ್ಕೆ ಇಷ್ಟು ಚುಟುಕಾದ ವಿಮರ್ಶೆ ಇನ್ನಾರಿಂದಲೂ ನನಗೆ ದೊರೆತಿಲ್ಲ.

ಅವನ ಮಾತಿನಲ್ಲಿ ಸತ್ಯವಿದೆ. ‘ತೀರ್ಥರೂಪು ತಂದೆಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ ಸಾಂಪ್ರತ’ ಎಂಬ ಒಕ್ಕಣೆಯನ್ನು ಬಾಯಿಪಾಠ ಮಾಡಿಸಿದವರು ನಾವು. ಆದರೆ ಆ ಒಕ್ಕಣೆಗೂ ಈ ‘ಆರಂಭದ ವಾಕ್ಯ’ಕ್ಕೂ ಒಂದು ಅಂತರವಿದೆಯೆಂಬುದನ್ನು ಅಂದು ಅವನಿಗೆ ಕೂಡಲೇ ಹೇಳಲಾಗಲಿಲ್ಲ, ಇಂದು ಬರೆಯುತ್ತಿದ್ದೇನೆ. ಉಭಯ ಕುಶಲೋಪರಿಯು ತಾನು ಸಿದ್ಧವಾಕ್ಯವೆಂಬುದನ್ನು ಮರೆಮಾಚುವುದಿಲ್ಲ. ಅದನ್ನು ಓದಿದ ಯಾವ ತಂದೆಯೂ, ಮಗ ಇದನ್ನು ನನಗಾಗಿಯೇ ಹೊಸೆದನೆಂದು ಉಬ್ಬಲಿಲ್ಲ. ಅದು ಬಾಗಿಲಲ್ಲಿ ಚಪ್ಪಲಿ ಬಿಡುವ ಹಾಗೆ ಒಂದು ಮರ್ಯಾದೆ. ನಿಜವಾದ ಪತ್ರ ಅದರ ಮುಂದಿನ ಸಾಲಿನಿಂದ ಆರಂಭವಾಗುತ್ತಿತ್ತು. ನಮ್ಮ ಲಗ್ನಪತ್ರಿಕೆಯನ್ನೇ ನೋಡಿ. ಐನೂರು ಪ್ರತಿ ಅಚ್ಚಾದದ್ದೆಂದು ಎಲ್ಲರಿಗೂ ಗೊತ್ತು. ಆದುದರಿಂದಲೇ, ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ ಬರಬೇಕೆಂಬ ಕೋರಿಕೆ ಅದರಲ್ಲಿ ಇರುತ್ತದೆ. ಖುದ್ದು ಬರಲಾಗಲಿಲ್ಲ, ಮನ್ನಿಸಿ ಎಂಬುದೇ ಅದರ ಅರ್ಥ. ಅಚ್ಚಾದ ಕಾಗದ ತಾನು ಅಚ್ಚಾದದ್ದೆಂದು ಒಪ್ಪಿಕೊಂಡರೆ ಅದರಲ್ಲಿ ಯಾವ ಕಪಟವೂ ಇಲ್ಲ. ಕಪಟವಿರುವುದು ಐನೂರು ಮಂದಿಗೆ ಕಳಿಸಿ, ಪ್ರತಿಯೊಬ್ಬನಿಗೂ “ನಿನ್ನೊಬ್ಬನಿಗೇ” ಎನ್ನುವುದರಲ್ಲಿ.

“ಪರಿಚಯವನ್ನು ವ್ಯಾಪಾರಕ್ಕೆ ಬಳಸಿಕೊಳ್ಳುವುದು ಹಿಂದೆ ಇರಲಿಲ್ಲವೇ?” ಎಂದು ಕೇಳುವವರಿದ್ದಾರೆ. ಇತ್ತು, ಧಾರಾಳವಾಗಿ ಇತ್ತು. ನಾನು ಕಂಡ ಮಾರಾಟಗಾರರಲ್ಲೆಲ್ಲ ಗಿರಾಕಿಯ ಮನೆಯ ಸುದ್ದಿಯನ್ನು ಅತಿ ಹೆಚ್ಚಾಗಿ ಬಲ್ಲವನು ಬಳೆಗಾರ. ಯಾವ ಮನೆಯ ಮಗಳು ಬಸುರಿ, ಯಾವ ಸೊಸೆ ತವರಿಂದ ಇನ್ನೂ ಬಂದಿಲ್ಲ, ಯಾವ ಅಜ್ಜಿಗೆ ಮೊಮ್ಮಗಳು ಹುಟ್ಟಿದಳು—ಎಲ್ಲವೂ ಅವನ ನಾಲಗೆಯ ತುದಿಯಲ್ಲಿ. ಅದನ್ನಾಡಿಯೇ ಅವನು ಬಳೆ ತೊಡಿಸುತ್ತಿದ್ದ. ಹಾಗಾದರೆ ನನ್ನ ಶಿಷ್ಯನನ್ನೇಕೆ ಬೈಯಬೇಕು? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ನನ್ನ ವಾದ ನಿಲ್ಲಲಾರದು. ಬಹಳ ದಿನ ಯೋಚಿಸಿದೆ.

ಮೊದಲನೆಯದಾಗಿ, ಬಳೆಗಾರನಿಗೆ ಆ ಸುದ್ದಿಯನ್ನು ಕೊಟ್ಟವರು ಹೆಣ್ಣುಮಕ್ಕಳೇ. ಕೈಚಾಚಿ ಕುಳಿತು ತಾವೇ ಹೇಳಿಕೊಂಡದ್ದು. ತವರಿನ ದಾರಿಯ ಗುರುತುಗಳನ್ನು ಹೆಣ್ಣುಮಗಳು ತಾನೇ ಬಳೆಗಾರನಿಗೆ ಹೇಳಿ ಕಳಿಸುವ ನಮ್ಮ ಜನಪದ ಗೀತೆಯನ್ನು ತಿಳಿಯದ ಕನ್ನಡಿಗರುಂಟೇ? ಕಿಟಕಿಯಲ್ಲಿ ಇಣುಕಿ ನೋಡಿ, ಅನಂತರ ಬಾಗಿಲಿಗೆ ಬಂದು “ತಾಯೀ, ನೀವು ಅಳುತ್ತಿದ್ದಿರಲ್ಲ, ಬಳೆ ಬೇಕೇ?” ಎಂದು ಕೇಳಿದ ಬಳೆಗಾರನಿಲ್ಲ. ಎರಡನೆಯದಾಗಿ, ಅವನ ಮಲಾರ ಹೆಗಲ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಬೀದಿಯ ಆ ತುದಿಯಲ್ಲಿ ಅವನು ತಿರುಗುವಾಗಲೇ ಬರುತ್ತಿರುವವನು ಮಾರುವವನೆಂದು ಈ ತುದಿಯವರಿಗೆ ತಿಳಿಯುತ್ತಿತ್ತು. ಬೇಡವಾದವರು ಕದ ಮುಂದೆ ಮಾಡಿಕೊಳ್ಳಬಹುದಿತ್ತು. ಕ್ಷೇಮಸಮಾಚಾರ ಕೇಳುವ ನೆಂಟನಂತೆ ಒಳಬಂದು, ನೀರು ಕುಡಿದು, ಮಾತಿನ ನಡುವೆ ಸೆರಗಿನಡಿಯಿಂದ ಮಲಾರ ತೆಗೆಯುತ್ತಿರಲಿಲ್ಲ. ಮೂರನೆಯದೇ ಮುಖ್ಯವಾದುದು. ಮುಂದಿನ ವರ್ಷವೂ ಅವನು ಅದೇ ಬೀದಿಗೆ ಬರಬೇಕಿತ್ತು. ಹುಸಿ ನುಡಿದಿದ್ದರೆ, ಒಡಕು ಬಳೆ ಕೊಟ್ಟಿದ್ದರೆ, ಕೇಳಲು ಇಡೀ ಬೀದಿಯೇ ಇತ್ತು. ನನ್ನ ಪತ್ನಿಯ ನೆನಪಿಗೆ ಭಾವುಕನಾದ ಆ ತರುಣ ಮಂಗಳವಾರ ಮೂರು ಗಂಟೆ ಕಳೆದ ಮೇಲೆ ಇನ್ನೊಮ್ಮೆ ನನ್ನ ಬೀದಿಗೆ ಬರಲಿಲ್ಲ. ಬರಬೇಕಾದ ಅಗತ್ಯವೂ ಅವನಿಗಿರಲಿಲ್ಲ.

ಹೊಗೆಸೊಪ್ಪಿನ ಸೀಮೆಯವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದದ್ದು 1984ರಲ್ಲಿ. ಅದಕ್ಕೆ ಮುಂಚೆ ಕೊಳ್ಳುವವರು ಬ್ಯಾರನ್ನಿನ ಬಳಿಗೇ ಬರುತ್ತಿದ್ದರು. “ಏನಣ್ಣಾ, ಮಗಳ ಮದುವೆ ನಿಶ್ಚಯವಾಯಿತಂತೆ” ಎಂದು ಆರಂಭವಾದ ಮಾತು ಯಾವ ಬೆಲೆಗೆ ಹೋಗಿ ಮುಟ್ಟುತ್ತಿತ್ತೆಂಬುದನ್ನು ಹಿರಿಯರು ನಮಗೆ ಹೇಳಿದ್ದಾರೆ. ಮದುವೆಯ ಸುದ್ದಿ ಗೊತ್ತಿದ್ದವನಿಗೆ ರೈತನಿಗೆ ಹಣದ ತುರ್ತು ಎಷ್ಟಿದೆಯೆಂಬುದೂ ಗೊತ್ತಿರುತ್ತಿತ್ತು! ಈಗ ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಬೇಲುಗಳು ಸಾಲಾಗಿ ಕುಳಿತಿರುತ್ತವೆ. ಕೊಳ್ಳುವವನು ಎಲೆಯನ್ನು ಮುಟ್ಟಿ ನೋಡುತ್ತಾನೆ. ಬೆಲೆ ಹತ್ತು ಜನರ ಎದುರಿಗೆ ನಿಲ್ಲುತ್ತದೆ. ಹರಾಜಿನಲ್ಲಿ ರೈತನಿಗೆ ಯಾವಾಗಲೂ ನ್ಯಾಯ ಸಿಕ್ಕಿದೆಯೆಂದು ನಾನು ಹೇಳುತ್ತಿಲ್ಲ. ಬೆಲೆ ಕುಸಿದು ಹರಾಜು ನಿಲ್ಲಿಸಿದ ದಿನಗಳನ್ನೂ ಕಂಡಿದ್ದೇವೆ. ಆದರೆ ಮಾಲಿನ ಮಾತು ಮಾಲಿನದಾಗಿರಬೇಕು, ಮನೆಯ ಮಾತು ಮನೆಯದಾಗಿರಬೇಕು ಎಂಬ ವಿವೇಕ ಆ ಏರ್ಪಾಟಿನಲ್ಲಿದೆ. ಅಲ್ಲಿ ಇನ್ನೊಂದು ನಿಯಮವನ್ನೂ ರೈತರು ಬಲ್ಲರು: ಬೇಲಿನ ಮೇಲುಗಡೆ ಹೊಂಬಣ್ಣದ ಎಲೆ ಜೋಡಿಸಿ, ಹೊಟ್ಟೆಯೊಳಗೆ ಕರಕಲನ್ನು ತುಂಬಿದರೆ ಆ ಬೇಲು ಪಕ್ಕಕ್ಕೆ ಹೋಗುತ್ತದೆ. ನನಗೆ ಬಂದ ಸಂದೇಶ ಅಂಥದೊಂದು ಬೇಲು. ಮೇಲೆ ಎರಡು ಎಲೆ ನನ್ನ ಹೆಂಡತಿಯದು; ಒಳಗಿನದು ಊರಿಗೆಲ್ಲ ಹಂಚಿದ ಮಾಲು. ಇದನ್ನು ಅವನಿಗೆ ಹೇಳಿದಾಗ, ಬೇಲು ಕಟ್ಟಿಯೇ ಬೆಳೆದ ಹುಡುಗನಾದ್ದರಿಂದ, ಮೊದಲ ಸಲ ನನ್ನ ಮುಖವನ್ನು ನೋಡಿದ.

ಇನ್ನು ಕಾನೂನಿನ ವಿಚಾರ. ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾಯಿತು. ಆದರೆ ವ್ಯಕ್ತಿಯು ತಾನೇ ಸಾರ್ವಜನಿಕವಾಗಿ ಪ್ರಕಟಿಸಿಕೊಂಡ ವಿವರಗಳಿಗೆ ಆ ಕಾಯ್ದೆ ಅನ್ವಯವಾಗುವುದಿಲ್ಲ. ಎಂದರೆ, ನಾನು ಹತ್ತು ಜನ ಓದಲೆಂದು ಬರೆದ ದುಃಖವನ್ನು ಹನ್ನೊಂದನೆಯವನು ತನ್ನ ಪಟ್ಟಿಗೆ ತುಂಬಿಕೊಂಡರೆ ನಾನು ಹೋಗಿ ದೂರಲು ಕಚೇರಿಯಿಲ್ಲ. ತಾಣಗಳೇ ಮಾನವನ್ನು ಕಾಯುತ್ತವೆಂದು ನಂಬುವಂತೆಯೂ ಇಲ್ಲ. ಸದಸ್ಯರ ಹೆಸರಿನಲ್ಲಿ ಅವರ ಪರಿಚಿತರಿಗೆ ಮತ್ತೆ ಮತ್ತೆ ಜ್ಞಾಪನಪತ್ರಗಳನ್ನು ಕಳಿಸಿದರೆಂಬ ದಾವೆಯಲ್ಲಿ ಲಿಂಕ್ಡ್‌ಇನ್ ಸಂಸ್ಥೆ ತಪ್ಪೊಪ್ಪಿಕೊಳ್ಳದೆಯೇ 1 ಕೋಟಿ 30 ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡದ್ದು 2015ರಲ್ಲಿ, ಅಮೆರಿಕದಲ್ಲಿ. ಭಾರತದಲ್ಲಿ ಆ ತಾಣದ ಸದಸ್ಯರು ಹತ್ತು ಕೋಟಿಯನ್ನು ದಾಟಿದ್ದಾರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಇಷ್ಟು ಜನರಿಗೆ ಇಷ್ಟು ಬಗೆಯ ಕಕ್ಕುಲತೆಯನ್ನು ಹೊಸೆಯಲು ಒಬ್ಬ ಗುಮಾಸ್ತನೂ ಬೇಕಾಗಿಲ್ಲ. ಕಾನೂನು ಕೈಬಿಟ್ಟ ಇಂಥ ಕಡೆಯಲ್ಲಿ ಉಳಿಯುವುದು ಮರ್ಯಾದೆಯೊಂದೇ. ಮರ್ಯಾದೆಯನ್ನು ಕಲಿಸಬೇಕಾದವರು ಮೇಷ್ಟರುಗಳು. ಆದುದರಿಂದ ಶಿಷ್ಯನ ಪ್ರಶ್ನೆ ಮತ್ತೆ ನನ್ನ ಅಂಗಳಕ್ಕೇ ಬಂದು ಬೀಳುತ್ತದೆ.

ಅವನ ಕಷ್ಟವನ್ನೂ ಹೇಳಬೇಕು. ಹೇಳದಿದ್ದರೆ ನನ್ನದು ಜಗಲಿಯ ಮೇಲಿನ ಉಪದೇಶವಾದೀತು. ದಿನಕ್ಕೆ ಇಷ್ಟು ಸಂದೇಶವೆಂಬ ಲೆಕ್ಕ ಅವನ ತಲೆಯ ಮೇಲಿದೆ. ತಿಂಗಳಿಗೆ ಇಷ್ಟು ಭೇಟಿಗಳು ಕೂಡದಿದ್ದರೆ ಕೆಲಸ ಉಳಿಯುವುದಿಲ್ಲ. ತಂದೆಯ ಬ್ಯಾರನ್ನು ರಿಪೇರಿಯ ಸಾಲ ಅವನ ಸಂಬಳದಿಂದ ತೀರುತ್ತಿದೆ. “ನಾನು ಬರೀದೇ ಇದ್ರೆ ಪಕ್ಕದ ಸೀಟಿನೋನು ಬರೀತಾನೆ ಸಾರ್” ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆದರೆ ಮಾರುವುದೇ ಕೀಳು ಎಂಬ ಭಾವನೆ ಅವನಲ್ಲಿ ಉಳಿಯಬಾರದೆಂದು ಒಂದು ಮಾತು ಹೇಳಿದೆ. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಜಿ.ಪಿ. ರಾಜರತ್ನಂ ಅವರು ಪುಸ್ತಕದ ಚೀಲ ಹಿಡಿದು ಓದುಗರಿದ್ದಲ್ಲಿಗೇ ಹೋಗಿ ಮಾರಿದರು. ಅಪರಿಚಿತರ ಬಾಗಿಲು ತಟ್ಟುವುದರಲ್ಲಿ ಅವಮಾನವಿಲ್ಲ. ಅವರು ತಟ್ಟಿದಾಗ ಕೈಯಲ್ಲಿದ್ದದ್ದು ಪುಸ್ತಕವೆಂದು ಎಲ್ಲರಿಗೂ ಕಾಣುತ್ತಿತ್ತು, ಅಷ್ಟೆ.

ಹತ್ತು ಮಾದರಿಗಳನ್ನು ಬರೆದುಕೊಡಲಿಲ್ಲ. ಬದಲಿಗೆ ಒಂದು ಪತ್ರವನ್ನು ಇಬ್ಬರೂ ಕುಳಿತು ಬರೆದೆವು. ಕೆ.ಆರ್. ನಗರದ ಒಬ್ಬ ಅಕ್ಕಿ ಗಿರಣಿಯ ಯಜಮಾನರಿಗೆ. ಅವನು ಮೊದಲು ತಂದ ಕರಡಿನಲ್ಲಿ, ಆ ಯಜಮಾನರ ಮಗಳಿಗೆ ಚಿನ್ನದ ಪದಕ ಬಂದ ಸುದ್ದಿಗೆ ಅಭಿನಂದನೆಯಿತ್ತು. “ಆ ಹುಡುಗಿಯನ್ನು ಬಲ್ಲೆಯೇನಪ್ಪಾ?” ಎಂದೆ. ಇಲ್ಲವೆಂದ. “ಹಾಗಾದರೆ ಹೊಡೆದುಹಾಕು. ನಿನಗೆ ಏನು ಗೊತ್ತೋ ಅದನ್ನು ಬರೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, ಪಿಯುಸಿ ರಜೆಯಲ್ಲಿ ತಾನು ಎರಡು ತಿಂಗಳು ಗಿರಣಿಯೊಂದರಲ್ಲಿ ಮೂಟೆ ಎಣಿಸಿದ್ದನ್ನು ಹೇಳಿದ. ಸುಗ್ಗಿಯಲ್ಲಿ ಭತ್ತ ಒಮ್ಮೆಗೇ ಬಂದು ಬೀಳುವಾಗ ರಾತ್ರಿ ಪಾಳಿಯ ಚೀಟಿಗಳು ಕಳೆದು, ತೌಡಿನ ಲೆಕ್ಕ ತಪ್ಪಿ, ತನ್ನ ಕೂಲಿಯಲ್ಲೇ ಹಿಡಿದುಕೊಂಡಿದ್ದರಂತೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಈ ಸಂಗತಿಯನ್ನು ಯಾವ ಗಿರಾಕಿಗೂ ಅವನು ಬರೆದಿರಲಿಲ್ಲ! ಏಕೆಂದರೆ ಅವನ ಪಟ್ಟಿಯಲ್ಲಿ ಓದುವವನ ವಿವರಕ್ಕೆ ಐದು ಕಂಬಸಾಲುಗಳಿದ್ದವು. ಬರೆಯುವವನಿಗೆ ಒಂದೂ ಇರಲಿಲ್ಲ.

ಕೊನೆಗೆ ಪತ್ರ ಹೀಗಾಯಿತು: “ಮಾನ್ಯರೇ, ನಮಸ್ಕಾರ. ನಾನು ಅಕ್ಕಿ ಗಿರಣಿಗಳಿಗೆ ದಾಸ್ತಾನು ಲೆಕ್ಕದ ತಂತ್ರಾಂಶ ಮಾರುವವನು. ಓದುವಾಗ ಗಿರಣಿಯಲ್ಲಿ ಮೂಟೆ ಎಣಿಸಿದ್ದೇನೆ. ಸುಗ್ಗಿಯಲ್ಲಿ ಚೀಟಿ ಕಳೆದರೆ ಏನಾಗುವುದೆಂದು ಬಲ್ಲೆ. ತಮ್ಮಲ್ಲಿ ಆ ತೊಂದರೆ ಇದ್ದರೆ ಬಂದು ತೋರಿಸುತ್ತೇನೆ. ಇಲ್ಲದಿದ್ದರೆ ಬೇಡವೆಂದು ಒಂದು ಪದ ಬರೆದರೆ ಸಾಕು, ಮತ್ತೆ ಬರೆಯುವುದಿಲ್ಲ.” ಎಣಿಸಿ ನೋಡಿದ, ಆ ಮಿತಿಯ ಒಳಗೆ ಬರುವಂತಿಲ್ಲ. ಹಾಗಾದರೆ ಅಂಚೆಯಲ್ಲಿ ಕಳಿಸು ಎಂದೆ. ನಕ್ಕ. ಕೊನೆಗೆ ಎರಡನೆಯ ವಾಕ್ಯವನ್ನು ಉಳಿಸಿಕೊಂಡು ಉಳಿದುದನ್ನು ಮೊಟಕು ಮಾಡಿದ.

ಪತ್ರ ಖುದ್ದಾಗುವುದು ಓದುವವನ ಮನೆಯ ವಿವರವನ್ನು ಅದರೊಳಗೆ ತುರುಕುವುದರಿಂದಲ್ಲ. ಬರೆಯುವವನು ತನ್ನನ್ನು ಅದರಲ್ಲಿ ಇಟ್ಟಾಗ. ನಾನು ಯಾರು, ಏನು ಮಾರುತ್ತಿದ್ದೇನೆ, ಇದನ್ನು ಮಾರಲು ನನಗಿರುವ ಯೋಗ್ಯತೆಯೇನು ಎಂಬ ಮೂರನ್ನು ನೆಟ್ಟಗೆ ಹೇಳಿದವನಿಗೆ ಎದುರಿನವನ ದುಃಖವನ್ನು ಸಾಲ ತರುವ ಅಗತ್ಯವಿಲ್ಲ. ಇಷ್ಟನ್ನೇ ನಾನು ಮೂವತ್ತಮೂರು ವರ್ಷ ಪತ್ರಲೇಖನದ ಪಾಠದಲ್ಲಿ ಕಲಿಸಬೇಕಾಗಿತ್ತು. ಜ್ವರವಿಲ್ಲದವನಿಂದ ಜ್ವರದ ಅರ್ಜಿ ಬರೆಸುವ ಬದಲು, “ಇವತ್ತು ನಿನಗೆ ನಿಜವಾಗಿ ಬೇಕಾದದ್ದೇನೋ ಅದನ್ನು ಕೇಳಿ ಬರೆ” ಎನ್ನಬಹುದಾಗಿತ್ತು. ಹೊಗೆಸೊಪ್ಪು ಕುಯ್ಯುವ ಕಾಲಕ್ಕೆ ಅರ್ಧ ತರಗತಿ ಖಾಲಿ ಬೀಳುತ್ತಿತ್ತು. ಆ ಮಕ್ಕಳು “ಬ್ಯಾರನ್ನಿಗೆ ಎಲೆ ಕಟ್ಟಬೇಕು, ರಜ ಕೊಡಿ” ಎಂದೇ ಬರೆದಿದ್ದರೆ ನಾನೂ ಏನಾದರೂ ಕಲಿಯುತ್ತಿದ್ದೆ. ಅವರು ಜ್ವರವೆಂದರು, ನಾನು ಸಹಿ ಹಾಕಿದೆ.

ದೀಪಾವಳಿಗೆ ಅವನು ದೂರವಾಣಿ ಮಾಡಿದ್ದ. ಅಂಥ ಪತ್ರಗಳನ್ನು ಹನ್ನೆರಡು ಬರೆದನಂತೆ, ನಾಲ್ವರು ಉತ್ತರಿಸಿದರಂತೆ. ಮೂವರು ಬೇಡವೆಂದರು. ಅವರಲ್ಲೊಬ್ಬರು, ನಮ್ಮಲ್ಲಿ ಹಳೆಯ ಗುಮಾಸ್ತರೊಬ್ಬರಿದ್ದಾರೆ, ಅವರಿರುವ ತನಕ ಯಂತ್ರ ತರುವುದಿಲ್ಲ ಎಂದು ಕಾರಣವನ್ನೂ ಬರೆದಿದ್ದರಂತೆ. ನಾಲ್ಕನೆಯವರು ಬಂದು ತೋರಿಸೆಂದಿದ್ದಾರೆ. ಕಚೇರಿಯಲ್ಲಿ ಮೇಲಿನವರು ಮಾತ್ರ, ಹನ್ನೆರಡು ಬರೆಯುವ ಹೊತ್ತಿನಲ್ಲಿ ಇನ್ನೂರು ಹೋಗಬಹುದಿತ್ತು ಎಂದು ಮುಖ ಗಂಟಿಕ್ಕಿದ್ದಾರೆ. ಈಗ ಬೆಳಿಗ್ಗೆ ಅವರ ಲೆಕ್ಕಕ್ಕೆ, ಸಂಜೆ ತನ್ನ ಲೆಕ್ಕಕ್ಕೆ ಬರೆಯುತ್ತಿದ್ದಾನೆ. ಎಷ್ಟು ದಿನ ನಡೆಯುವುದೋ ಅವನಿಗೂ ತಿಳಿಯದು. ಬೆಳಗಿನ ಪಟ್ಟಿಯಿಂದ ಸಾವಿನ ಸುದ್ದಿಗಳನ್ನಾದರೂ ತೆಗೆದುಹಾಕಿದ್ದೇನೆ ಸಾರ್ ಎಂದ. ಅಷ್ಟಾದರೂ ಆಯಿತಲ್ಲ.

ನನಗೆ ಮಾರಲು ಬರುವವರು ಇನ್ನು ಮುಂದೆಯೂ ಬರಲಿ. ಮಲಾರ ಕಾಣುವ ಹಾಗೆ ಹೆಗಲ ಮೇಲಿಟ್ಟುಕೊಂಡು ಬರಲಿ; ಬಾಗಿಲಲ್ಲಿ ನಿಂತು ಇಂಥದ್ದು ಮಾರುತ್ತೇನೆಂದು ಹೇಳಲಿ. ಬಿಸಿಲಿದ್ದರೆ ಮಜ್ಜಿಗೆ ಕೊಟ್ಟೇನು. ಬೇಕಿದ್ದರೆ ಕೊಂಡೇನು, ಬೇಡದಿದ್ದರೆ ಬೇಡವೆಂದೇನು. ಆದರೆ ನಮ್ಮ ಮನೆಯವರ ಪುಸ್ತಕಗಳ ಮಾತನ್ನು, ಅವನ್ನು ಓದಿದವರು ಮಾತ್ರ ಎತ್ತಲಿ.